ಹೇಳಲಾಗದವರ ಮೈಯಲ್ಲಿ ಮಾತ್ರೆ ಏನು ಮಾಡುತ್ತಿದೆ? ಸೈಡ್ ಎಫೆಕ್ಟ್ ಅಳೆಯುವ ಬಗೆ

ನನ್ನ ತಮ್ಮನಿಗೆ ಈಗ 31 ವರ್ಷ. ಹುಟ್ಟಿನಿಂದ ಬೌದ್ಧಿಕ ವಿಕಲತೆ ಇದೆ, ಜೊತೆಗೆ ಫಿಟ್ಸ್. ಮಾತು ಇಪ್ಪತ್ತು ಮೂವತ್ತು ಪದ ಅಷ್ಟೇ. ಅನ್ನ, ನೀರು, ಅವ್ವ, ಅಕ್ಕ, ನಾಯಿಯ ಹೆಸರು, ‘ಬೇಡ’. ‘ನೋವು’ ಅನ್ನುವ ಪದವೂ ಗೊತ್ತು. ಆದರೆ ಬಿದ್ದು ಮಂಡಿ ತರಚಿದಾಗ ಮಾತ್ರ ಹೇಳುತ್ತಾನೆ. ರಕ್ತ ಕಣ್ಣಿಗೆ ಕಾಣಬೇಕು. ಮೈಯೊಳಗೆ ಆಗುವ ಸಂಕಟಕ್ಕೆ ಅವನ ಹತ್ತಿರ ಪದವೇ ಇಲ್ಲ.

ಎಂಟು ವರ್ಷದ ಹಿಂದಿನ ಜೂನ್ ತಿಂಗಳು. ಮಡಿಕೇರಿ ಕಡೆ ಮಳೆ ಹಿಡಿಯಿತು ಅಂದರೆ ಗೊತ್ತಲ್ವಾ, ವಾರಗಟ್ಟಲೆ ಅಂಗಳಕ್ಕೆ ಇಳಿಯುವ ಹಾಗಿಲ್ಲ. ಅವನು ಕೈಗೆ ಸಿಕ್ಕಿದ್ದನ್ನು ಎಸೆಯಲು ಶುರು ಮಾಡಿದ್ದ. ಡಾಕ್ಟರು ಸಿಟ್ಟಿಗೆ ಅಂತ ಒಂದು ಮಾತ್ರೆ ಬರೆದರು. ಎಸೆಯುವುದು ಸ್ವಲ್ಪ ಕಡಿಮೆಯಾಯಿತು. ಆದರೆ ಹತ್ತು ದಿನ ಕಳೆಯುವಷ್ಟರಲ್ಲಿ ಜಗಲಿಯ ಈ ತುದಿಯಿಂದ ಆ ತುದಿಗೆ ನಡೆಯಲು ಹಿಡಿದ. ಊಟಕ್ಕೆ ಕೂತರೆ ಎರಡು ತುತ್ತಿಗೆ ಏಳುತ್ತಿದ್ದ. ರಾತ್ರಿ ಹನ್ನೊಂದಕ್ಕೂ ಅದೇ ನಡಿಗೆ. ಅವ್ವ ತೋಳು ಹಿಡಿದು ಕೂರಿಸಲು ಹೋದರೆ ಕೈ ಕಚ್ಚಿದ. ಮತ್ತೆ ಡಾಕ್ಟರ ಹತ್ತಿರ ಹೋದೆವು. ‘ಹಠ ಜಾಸ್ತಿ ಆಗಿದೆ’ ಅಂತ ಹೇಳಿದ್ದು ನಾವೇ. ಡೋಸು ಏರಿತು. ನಡಿಗೆಯೂ ಏರಿತು.

ಮೂರನೇ ಸಲ ಬೇರೊಬ್ಬ ಡಾಕ್ಟರು ಸಿಕ್ಕರು. ಅವರು ನಮ್ಮ ಮಾತು ಕೇಳುವುದಕ್ಕೂ ಮೊದಲು ಅವನನ್ನು ಎರಡು ನಿಮಿಷ ನಿಲ್ಲಿಸಿ ಕಾಲನ್ನೇ ನೋಡಿದರು. ಎಡಗಾಲಿಗೆ ಭಾರ, ಬಲಗಾಲಿಗೆ ಭಾರ, ಮತ್ತೆ ಎಡಗಾಲಿಗೆ. ನಿಂತ ಜಾಗದಲ್ಲೇ ಅವನು ಮೆಟ್ಟುತ್ತಿದ್ದ. ‘ಇದು ಹಠ ಅಲ್ಲಮ್ಮ. ಇವನಿಗೆ ಸುಮ್ನೆ ಇರೋಕೆ ಆಗ್ತಾ ಇಲ್ಲ. ಮಾತ್ರೆ ಮಾಡ್ತಿರೋ ಕೆಲಸ ಇದು’ ಅಂದರು. ಅದರ ಹೆಸರು ಅಕಥಿಸಿಯಾ. ಮನಸ್ಸಿನ ಕಾಯಿಲೆಗೂ ಸಿಟ್ಟಿಗೂ ಕೊಡುವ ಆಂಟಿಸೈಕೋಟಿಕ್ ಮಾತ್ರೆಗಳಿಂದ ಬರುವ ಒಂದು ಬಗೆಯ ಚಡಪಡಿಕೆ. ಮಾತು ಬಲ್ಲವರು ಅದನ್ನು ‘ಚರ್ಮದ ಒಳಗಿಂದ ಯಾರೋ ಎಬ್ಬಿಸಿ ಓಡಿಸಿದ ಹಾಗೆ’ ಎಂದೆಲ್ಲ ವರ್ಣಿಸುತ್ತಾರೆ. ನನ್ನ ತಮ್ಮ ಅದನ್ನು ಐದು ವಾರ ಜಗಲಿ ತುಂಬಾ ನಡೆದು ಹೇಳಿದ್ದ. ಡೋಸು ಇಳಿಸಿದ ಮೇಲೆ ಎರಡು ವಾರದಲ್ಲಿ ನಡಿಗೆ ನಿಂತಿತು. ಆ ಐದು ವಾರ ನೆನಪಾದರೆ ನನಗೆ ಇವತ್ತಿಗೂ ಕರುಳು ಹಿಂಡಿದ ಹಾಗಾಗುತ್ತದೆ.

ಅಲ್ಲಿಂದ ಈ ವಿಷಯವನ್ನು ಓದುತ್ತಾ, ಡಾಕ್ಟರುಗಳನ್ನು ಕೇಳುತ್ತಾ ಬಂದಿದ್ದೇನೆ. ಮಾತ್ರೆಯ ಸೈಡ್ ಎಫೆಕ್ಟ್ ಅಳೆಯಬಹುದು. ಅದಕ್ಕೆ ಪಟ್ಟಿಗಳಿವೆ, ಅಂಕಗಳಿವೆ, ಕ್ರಮ ಇದೆ. ಅಷ್ಟೇನೂ ಕಷ್ಟದ್ದಲ್ಲ. ನಮ್ಮಲ್ಲಿ ಎಷ್ಟೋ ಮನೆಗಳಿಗೆ ಇದು ಗೊತ್ತೇ ಇಲ್ಲ ಅಂತ ಇದನ್ನು ಬರೆಯುತ್ತಿದ್ದೇನೆ.

ಬೇರೆಯವರಲ್ಲಿ ಸುಲಭ, ಇವರಲ್ಲಿ ಯಾಕೆ ಕಷ್ಟ?

ನಿಮಗೋ ನನಗೋ ಮಾತ್ರೆಯಿಂದ ತಲೆ ಸುತ್ತಿದರೆ ಮರುದಿನವೇ ಮೆಡಿಕಲ್‌ನವರ ಮುಂದೆ ನಿಂತು ಹೇಳುತ್ತೇವೆ. ಸೈಡ್ ಎಫೆಕ್ಟ್ ಪತ್ತೆ ಹಚ್ಚುವ ಇಡೀ ವ್ಯವಸ್ಥೆ ನಿಂತಿರುವುದು ಈ ‘ಹೇಳುವುದರ’ ಮೇಲೆ. ಹೇಳಲಾಗದವರ ವಿಷಯದಲ್ಲಿ ಮೊದಲ ಮೆಟ್ಟಿಲೇ ಇಲ್ಲ.

ಮಾತು ಇದ್ದರೂ ತೊಂದರೆ ತಪ್ಪುವುದಿಲ್ಲ. ಬೌದ್ಧಿಕ ವಿಕಲತೆ ಇರುವ ಎಷ್ಟೋ ಮಂದಿ ಏನು ಕೇಳಿದರೂ ‘ಹೂಂ’ ಅನ್ನುತ್ತಾರೆ. ಕೇಳುವವರನ್ನು ಮೆಚ್ಚಿಸಬೇಕು, ಬೈಸಿಕೊಳ್ಳಬಾರದು ಅಂತ ಚಿಕ್ಕಂದಿನಿಂದ ಕಲಿತಿರುತ್ತಾರೆ. ‘ತಲೆ ನೋವಾ?’ ಹೂಂ. ‘ಹೊಟ್ಟೆ ನೋವಾ?’ ಹೂಂ. ‘ಎಂತ ನೋವೂ ಇಲ್ವಾ?’ ಅದಕ್ಕೂ ಹೂಂ. ಹೀಗಿದ್ದಾಗ ಉತ್ತರದಿಂದ ಏನೂ ತಿಳಿಯದು. ಆಂಟಿಸೈಕೋಟಿಕ್ ತಿನ್ನುವವರ ಸೈಡ್ ಎಫೆಕ್ಟ್ ಅಳೆಯಲು 1995ರಲ್ಲಿ ಬಂದ ಲಿವರ್‌ಪೂಲ್ ಪಟ್ಟಿಯಲ್ಲಿ ಇದಕ್ಕೊಂದು ಉಪಾಯ ಮಾಡಿದ್ದಾರೆ. ಅದರಲ್ಲಿ 51 ಪ್ರಶ್ನೆ. 41 ನಿಜವಾದ ಸೈಡ್ ಎಫೆಕ್ಟ್ ಬಗ್ಗೆ. ಉಳಿದ 10 ಆ ಮಾತ್ರೆಗಳಿಗೆ ಸಂಬಂಧವೇ ಇಲ್ಲದ ತೊಂದರೆಗಳು. ಅವಕ್ಕೂ ಎಲ್ಲ ‘ಹೂಂ’ ಬಂದರೆ ಉಳಿದ ಉತ್ತರಗಳನ್ನೂ ಎಚ್ಚರದಿಂದ ನೋಡಬೇಕು. ಆದರೆ ಆ ಪಟ್ಟಿ ಸ್ವತಃ ಓದಿ ತುಂಬುವವರಿಗೆ. ನನ್ನ ತಮ್ಮನಂಥವರಿಗೆ ಅಲ್ಲ.

ಇನ್ನೊಂದು ತೊಂದರೆ ನೋಡುವವರ ಕಣ್ಣಿನದು. ನಿದ್ದೆ ಬಾರದಿದ್ದರೂ, ತಲೆ ಬಡಿದುಕೊಂಡರೂ, ಊಟ ಬಿಟ್ಟರೂ ‘ಇವನು ಇರುವುದೇ ಹಾಗೆ’ ಅಂತ ಎಲ್ಲವನ್ನೂ ವಿಕಲತೆಯ ಲೆಕ್ಕಕ್ಕೆ ಬರೆದುಬಿಡುತ್ತೇವೆ. 1982ರಲ್ಲಿ ಅಮೆರಿಕದ ಸಂಶೋಧಕರು ಇದಕ್ಕೆ ಒಂದು ಹೆಸರೇ ಕೊಟ್ಟರು. ದೊಡ್ಡ ಮರದ ನೆರಳಿಗೆ ಚಿಕ್ಕ ಗಿಡ ಕಾಣದ ಹಾಗೆ, ವಿಕಲತೆಯ ನೆರಳಿನಲ್ಲಿ ಉಳಿದ ಕಾಯಿಲೆ ಕಾಣದೆ ಹೋಗುತ್ತದೆ ಅನ್ನುವ ಅರ್ಥದ ಹೆಸರು. ಬೆಳ್ಳಿಮರದ ನೆರಳಲ್ಲಿ ಕಾಫಿ ಚೆನ್ನಾಗಿ ಬರುತ್ತದೆ. ಈ ನೆರಳಲ್ಲಿ ಏನೂ ಬರುವುದಿಲ್ಲ.

ಮೂರನೆಯದು ಮೊದಲಿನಿಂದ ಇರುವ ಚಲನೆಗಳು. ಹಲವರು ಮೈ ತೂಗುತ್ತಾರೆ, ಕೈ ಬಡಿಯುತ್ತಾರೆ, ಬಾಯಿ ಚಪ್ಪರಿಸುತ್ತಾರೆ. ವರ್ಷಗಟ್ಟಲೆ ಆಂಟಿಸೈಕೋಟಿಕ್ ತಿಂದವರಲ್ಲಿ ಟಾರ್ಡಿವ್ ಡಿಸ್ಕೈನೀಸಿಯಾ ಅನ್ನುವ ತೊಂದರೆ ಬರಬಹುದು. ಅದೂ ತುಟಿ ಚಪ್ಪರಿಸುವುದು, ನಾಲಿಗೆ ಹೊರಳಿಸುವುದೇ. ಯಾವುದು ಹಳೆಯದು, ಯಾವುದು ಹೊಸದು? ಮಾತ್ರೆ ಶುರು ಮಾಡುವ ಮೊದಲು ಯಾರಾದರೂ ನೋಡಿ ಬರೆದಿಟ್ಟಿದ್ದರೆ ಮಾತ್ರ ಹೇಳಲು ಸಾಧ್ಯ.

ಅಪ್ಪನ ಮಳೆ ಡೈರಿ

ಕೊಡಗಿನ ತೋಟದ ಮನೆಗಳಲ್ಲಿ ಮಳೆ ಬರೆದಿಡುವ ಪದ್ಧತಿ ಇದೆ. ನಮ್ಮ ಅಪ್ಪನೂ ಬರೆಯುತ್ತಿದ್ದರು. ಬೆಳಿಗ್ಗೆ ಎದ್ದು ಕೊಡೆ ಹಿಡಿದು ರೇನ್ ಗೇಜ್ ಹತ್ತಿರ ಹೋಗಿ, ಅಳತೆಯ ಗಾಜಿಗೆ ನೀರು ಸುರಿದು, ಕಣ್ಣಿನ ಮಟ್ಟಕ್ಕೆ ಎತ್ತಿ ನೋಡಿ, ಒಳಗೆ ಬಂದು ಡೈರಿಯಲ್ಲಿ ಬರೆಯುವುದು: ಒಂದು ಇಂಚು ಇಪ್ಪತ್ತು ಸೆಂಟು. ನೂರು ಸೆಂಟಿಗೆ ಒಂದು ಇಂಚು. ಮಳೆ ಬಾರದ ದಿನ ಸೊನ್ನೆ. ಸೊನ್ನೆಯನ್ನೂ ಬಿಡುತ್ತಿರಲಿಲ್ಲ. ಅದೇ ಗೇಜು, ಅದೇ ಜಾಗ, ಅದೇ ಹೊತ್ತು. ಅದಕ್ಕೇ ‘ಈ ಸಲ ಮಳೆ ಜಾಸ್ತಿ’ ಅಂತ ಯಾರಾದರೂ ಅಂದರೆ ಅಪ್ಪ ಹಳೇ ಡೈರಿ ತೆಗೆದು ನೋಡಿ ಹೌದೋ ಅಲ್ಲವೋ ಹೇಳುತ್ತಿದ್ದರು.

ಸೈಡ್ ಎಫೆಕ್ಟ್ ಅಳೆಯುವುದೂ ಹೀಗೇ. ಊರಿನ ಬೇರೆ ಯಾರ ಜೊತೆಗೋ ಇವರನ್ನು ಹೋಲಿಸಿ ಉಪಯೋಗವಿಲ್ಲ. ಇವನ ಇವತ್ತನ್ನು ಇವನದೇ ನಿನ್ನೆಯ ಜೊತೆ, ಮಾತ್ರೆ ಇಲ್ಲದ ದಿನಗಳ ಜೊತೆ ಹೋಲಿಸಬೇಕು. ಆ ಮೊದಲ ಅಳತೆಗೆ ಡಾಕ್ಟರುಗಳು ಬೇಸ್‌ಲೈನ್ ಅನ್ನುತ್ತಾರೆ. ನನ್ನ ಪ್ರಕಾರ ಇಡೀ ವಿಷಯದಲ್ಲಿ ಇದಕ್ಕಿಂತ ಮುಖ್ಯವಾದದ್ದು ಇನ್ನೊಂದಿಲ್ಲ. ಅದಿಲ್ಲದೆ ಆಮೇಲೆ ಎಷ್ಟು ದುಬಾರಿ ಪರೀಕ್ಷೆ ಮಾಡಿದರೂ ‘ಮೊದಲು ಹೇಗಿತ್ತು?’ ಅನ್ನುವ ಪ್ರಶ್ನೆ ಹಾಗೇ ಉಳಿಯುತ್ತದೆ. ಈಗಾಗಲೇ ಮಾತ್ರೆ ಶುರುವಾಗಿದ್ದರೆ? ಇವತ್ತಿನದನ್ನೇ ಬೇಸ್‌ಲೈನ್ ಮಾಡಿಕೊಳ್ಳಿ. ಮುಂದೆ ಡೋಸು ಬದಲಾದಾಗ ಉಪಯೋಗಕ್ಕೆ ಬರುತ್ತದೆ.

ಏನು ಬರೆಯಬೇಕು? ತೂಕ, ಸೊಂಟದ ಸುತ್ತಳತೆ, ಎಷ್ಟು ಗಂಟೆ ನಿದ್ದೆ, ಎಷ್ಟು ಊಟ, ಮಲವಿಸರ್ಜನೆ, ನಡಿಗೆ, ಕೈ ನಡುಕ, ಜೊಲ್ಲು, ಫಿಟ್ಸ್ ಎಷ್ಟು ಸಲ. ಹೆಣ್ಣುಮಕ್ಕಳಾದರೆ ಮುಟ್ಟಿನ ದಿನ. ಇದರ ಜೊತೆ ಒಂದು ಪುಟ ‘ಇವನು ಖುಷಿಯಾಗಿದ್ದಾಗ ಹೇಗಿರುತ್ತಾನೆ, ಸಂಕಟದಲ್ಲಿದ್ದಾಗ ಹೇಗಿರುತ್ತಾನೆ’ ಅಂತ. ಮುಖ, ದನಿ, ಕೈ, ಕೂರುವ ಭಂಗಿ. ಇಂಗ್ಲೆಂಡಿನಲ್ಲಿ ಡಿಸ್‌ಡ್ಯಾಟ್ ಅನ್ನುವ ನಮೂನೆಯೇ ಇದೆ. ಅದು ಅಂಕ ಕೊಡುವುದಿಲ್ಲ, ಈ ವ್ಯಕ್ತಿಯ ಸಂಕಟದ ಭಾಷೆ ಯಾವುದು ಅಂತ ದಾಖಲಿಸುತ್ತದೆ. ನನ್ನ ತಮ್ಮ ಖುಷಿಯಲ್ಲಿದ್ದಾಗ ಎಡಗೈ ಬೆರಳಿನಲ್ಲಿ ಗಲ್ಲ ಉಜ್ಜುತ್ತಾನೆ. ಸಂಕಟವಾದರೆ ಅದೇ ಕೈಯನ್ನು ತೊಡೆಯ ಕೆಳಗೆ ಇಟ್ಟುಕೊಳ್ಳುತ್ತಾನೆ. ಇದು ಯಾವ ಪುಸ್ತಕದಲ್ಲೂ ಸಿಗದು. ಅವ್ವನಿಗೆ ಮಾತ್ರ ಗೊತ್ತಿತ್ತು. ಬರೆದ ಮೇಲೆ ಡಾಕ್ಟರಿಗೂ ಗೊತ್ತಾಯಿತು.

ಪಟ್ಟಿಗಳು ಮತ್ತು ಅಂಕಗಳು

ಈಗ ವೈದ್ಯರು ಬಳಸುವ ಅಳತೆಗೋಲುಗಳಿಗೆ ಬರೋಣ. ಬೌದ್ಧಿಕ ವಿಕಲತೆ ಇರುವವರಿಗೆಂದೇ ಮಾಡಿದ್ದರಲ್ಲಿ ಹೆಸರಾದದ್ದು ಮೆಡ್ಸ್. ಅಮೆರಿಕದ ಲೂಸಿಯಾನದಲ್ಲಿ ಜಾನಿ ಮ್ಯಾಟ್ಸನ್ ಮತ್ತು ಜೊತೆಗಾರರು 1998ರಲ್ಲಿ ತಂದದ್ದು. ಸುಮಾರು 90 ಅಂಶಗಳ ಪಟ್ಟಿ. ಪ್ರಶ್ನೆ ಕೇಳುವುದು ರೋಗಿಯನ್ನಲ್ಲ, ಅವರನ್ನು ದಿನವೂ ನೋಡಿಕೊಳ್ಳುವವರನ್ನು. ಒಂದೊಂದು ಅಂಶಕ್ಕೂ ಎಷ್ಟು ದಿನದಿಂದ ಇದೆ, ಎಷ್ಟು ಜೋರು ಅಂತ ಬೇರೆ ಬೇರೆ ಅಂಕ. ಸ್ಕ್ಯಾಂಡಿನೇವಿಯಾದ ಯುಕೆಯು ಪಟ್ಟಿ 1987ರದು, 48 ಅಂಶ. ಅದನ್ನೂ ನಾರ್ವೆಯವರು ಇಂಥವರಿಗೆ ಹೊಂದುವ ಹಾಗೆ ತಿದ್ದಿದ್ದಾರೆ.

ಮೈ ಚಲನೆಗೆಂದೇ ಬೇರೆ ಪಟ್ಟಿಗಳಿವೆ. 1976ರ ಏಮ್ಸ್, 12 ಅಂಶದ್ದು (ದೆಹಲಿಯ ಆಸ್ಪತ್ರೆಗೂ ಇದಕ್ಕೂ ಸಂಬಂಧವಿಲ್ಲ, ಕೇಳಲು ಮಾತ್ರ ಒಂದೇ). ಡಿಸ್ಕಸ್ ಅನ್ನುವುದು 15 ಅಂಶದ್ದು, ಬೌದ್ಧಿಕ ವಿಕಲತೆ ಇರುವವರನ್ನು ಮನಸ್ಸಿನಲ್ಲಿಟ್ಟು ಮಾಡಿದ್ದು. ಚಡಪಡಿಕೆಗೆ 1989ರ ಬಾರ್ನ್ಸ್ ಅಳತೆ. ನನ್ನ ತಮ್ಮನ ಕಾಲನ್ನು ಆ ಡಾಕ್ಟರು ನೋಡಿದ್ದು ಈ ಬಾರ್ನ್ಸ್ ಕ್ರಮದಲ್ಲೇ ಅಂತ ನನಗೆ ಆಮೇಲೆ ತಿಳಿಯಿತು. ಕೂರಿಸಿ ಎರಡು ನಿಮಿಷ, ನಿಲ್ಲಿಸಿ ಎರಡು ನಿಮಿಷ ಕಡಿಮೆಯೆಂದರೂ ನೋಡಬೇಕು. ಬಾರ್ನ್ಸ್‌ನಲ್ಲಿ ‘ನಿಮಗೆ ಒಳಗೆ ಚಡಪಡಿಕೆ ಅನಿಸುತ್ತಾ?’ ಅನ್ನುವ ಪ್ರಶ್ನೆಯೂ ಇದೆ. ಮಾತಿಲ್ಲದವರಲ್ಲಿ ಆ ಭಾಗ ಖಾಲಿ ಉಳಿಯುತ್ತದೆ. ಆಗ ಕಾಲು ಹೇಳಿದ್ದೇ ಸಾಕ್ಷಿ.

ಏಮ್ಸ್ ಪರೀಕ್ಷೆ ಹೇಗೆ ಮಾಡುತ್ತಾರೆ ಅಂತ ಒಮ್ಮೆ ಹತ್ತಿರದಿಂದ ನೋಡಿದರೆ ಭಯ ಹೋಗುತ್ತದೆ. ಮೊದಲು ಬಾಯಲ್ಲಿ ಏನಾದರೂ ಇದೆಯಾ ಅಂತ ನೋಡುತ್ತಾರೆ. ಎಲೆ ಅಡಿಕೆಯೋ ಚಾಕಲೇಟೋ ಇದ್ದರೆ ಉಗುಳಿಸಿ ಶುರು ಮಾಡಬೇಕು, ಇಲ್ಲದಿದ್ದರೆ ಅಗಿಯುವುದೇ ಕಾಯಿಲೆಯ ಹಾಗೆ ಕಾಣುತ್ತದೆ. ಹಲ್ಲು ಹೇಗಿದೆ ಅಂತಲೂ ಬರೆಯುತ್ತಾರೆ, ಹಲ್ಲು ನೋವಿದ್ದರೂ ಬಾಯಿ ಅಲ್ಲಾಡುತ್ತದೆ. ಕೈಯಿಲ್ಲದ ಗಟ್ಟಿ ಕುರ್ಚಿಯಲ್ಲಿ ಕೂರಿಸಿ, ಅಂಗೈ ಮಂಡಿಯ ಮೇಲೆ ಇಡಿಸುತ್ತಾರೆ. ಬಾಯಿ ತೆರೆಯಲು ಹೇಳುತ್ತಾರೆ. ನಾಲಿಗೆ ಒಳಗೆ ಸುಮ್ನೆ ಇದೆಯಾ, ಹುಳದ ಹಾಗೆ ಹೊರಳುತ್ತಾ? ಆಮೇಲೆ ನಾಲಿಗೆ ಚಾಚಲು. ಹೆಬ್ಬೆರಳಿಗೆ ಒಂದೊಂದೇ ಬೆರಳು ತಾಗಿಸಲು, ಹತ್ತು ಹದಿನೈದು ಸೆಕೆಂಡ್. ಈ ಹೊತ್ತಲ್ಲಿ ಬೆರಳನ್ನಲ್ಲ, ಮುಖ ಮತ್ತು ಕಾಲನ್ನು ನೋಡಬೇಕು. ಗಮನ ಬೆರಳಿಗೆ ಹೋದಾಗ ಅಡಗಿದ್ದ ಚಲನೆ ಬೇರೆ ಕಡೆ ಹೊರಬರುತ್ತದೆ. ಕೊನೆಗೆ ನಾಲ್ಕು ಹೆಜ್ಜೆ ನಡೆಸಿ, ತಿರುಗಿಸಿ, ವಾಪಸ್. ಮುಖ, ತುಟಿ, ದವಡೆ, ನಾಲಿಗೆ, ಕೈ, ಕಾಲು, ನಡು, ಈ ಏಳಕ್ಕೂ ಸೊನ್ನೆಯಿಂದ ನಾಲ್ಕರ ತನಕ ಅಂಕ.

ಹೇಳಿದ್ದು ಅರ್ಥವಾಗದಿದ್ದರೆ? ಮಾಡಿ ತೋರಿಸಬೇಕು. ನನ್ನ ತಮ್ಮನ ಎದುರು ನಾನು ನಾಲಿಗೆ ಚಾಚಿದರೆ ಅವನೂ ಚಾಚುತ್ತಾನೆ, ಜೊತೆಗೆ ಜೋರಾಗಿ ನಗುತ್ತಾನೆ. ಆಸ್ಪತ್ರೆಯಲ್ಲಿ ಹೆದರಿ ಮೈ ಬಿಗಿ ಹಿಡಿದರೆ ಏನೂ ಸರಿಯಾಗಿ ಕಾಣುವುದಿಲ್ಲ. ಅದಕ್ಕೆ ಮನೆಯ ವಿಡಿಯೋ ತುಂಬಾ ಒಳ್ಳೆಯದು. ಫೋನಿನಲ್ಲಿ ಕೂತಿದ್ದು ಒಂದು ನಿಮಿಷ, ನಿಂತಿದ್ದು ಒಂದು ನಿಮಿಷ, ನಡೆದದ್ದು ಒಂದು ನಿಮಿಷ. ಪಾದ ಕಾಣುವ ಹಾಗೆ ತೆಗೆಯಿರಿ. ತಿಂಗಳಿಗೊಮ್ಮೆ ಅದೇ ಜಾಗದಲ್ಲಿ.

ಅಂಕ ಬಂದ ಮಾತ್ರಕ್ಕೆ ತೀರ್ಪು ಬಂದ ಹಾಗಲ್ಲ. ಅಂಕ ‘ಇಲ್ಲಿ ನೋಡಿ’ ಅಂತ ಬೆರಳು ತೋರಿಸುತ್ತದೆ ಅಷ್ಟೇ. ಮಾತ್ರೆಯೇ ಕಾರಣವಾ ಅಂತ ತೂಗಿ ನೋಡಲು 1981ರಿಂದ ನರಾಂಜೊ ಅನ್ನುವ ಹತ್ತು ಪ್ರಶ್ನೆಯ ಪಟ್ಟಿ ಬಳಕೆಯಲ್ಲಿದೆ. ಮಾತ್ರೆ ಶುರುವಾದ ಮೇಲೆ ತೊಂದರೆ ಬಂತಾ? ನಿಲ್ಲಿಸಿದಾಗ ಇಳಿಯಿತಾ? ಬೇರೆ ಕಾರಣ ಇರಬಹುದಾ? ಒಟ್ಟು ಒಂಬತ್ತು ಅಥವಾ ಜಾಸ್ತಿ ಬಂದರೆ ಖಚಿತ, ಐದರಿಂದ ಎಂಟು ಬಂದರೆ ಬಹುಮಟ್ಟಿಗೆ ಹೌದು, ಒಂದರಿಂದ ನಾಲ್ಕು ಬಂದರೆ ಇರಬಹುದು. ಡೈರಿ ಇದ್ದವರು ಈ ಪ್ರಶ್ನೆಗಳಿಗೆ ತಾರೀಖಿನ ಜೊತೆ ಉತ್ತರ ಕೊಡುತ್ತಾರೆ. ಇಲ್ಲದವರು ‘ಸುಮಾರು ಹಬ್ಬದ ಹೊತ್ತಿಗೆ’ ಅನ್ನುತ್ತಾರೆ. ನಾವೂ ಹಾಗೇ ಅನ್ನುತ್ತಿದ್ದೆವು.

ಯಾವ ಮಾತ್ರೆಗೆ ಏನನ್ನು ನೋಡಬೇಕು

ರಿಸ್ಪೆರಿಡೋನ್, ಒಲಾಂಜಪಿನ್ ಅನ್ನುವ ಆಂಟಿಸೈಕೋಟಿಕ್ ತಿನ್ನುವವರಲ್ಲಿ ಮೊದಲು ತೂಕ. ಹಸಿವು ವಿಪರೀತ ಏರುತ್ತದೆ. ಅಕ್ಕಿ ಒತ್ತಿ (ಅಕ್ಕಿ ರೊಟ್ಟಿ) ಎರಡು ತಿನ್ನುತ್ತಿದ್ದವ ಆರು ತಿಂದರೆ ‘ಚೆನ್ನಾಗಿ ತಿನ್ನುತ್ತಿದ್ದಾನೆ’ ಅಂತ ಅವ್ವಂದಿರು ಸಮಾಧಾನ ಪಡುತ್ತಾರೆ. ಅದು ಮಾತ್ರೆಯ ಹಸಿವು ಇರಬಹುದು. ಅಮೆರಿಕದ ಡಯಾಬಿಟಿಸ್ ಮತ್ತು ಮನೋವೈದ್ಯರ ಸಂಘಗಳು 2004ರಲ್ಲಿ ಕೂತು ಮಾಡಿದ ಕ್ರಮದ ಪ್ರಕಾರ ತೂಕವನ್ನು ಶುರುವಿನಲ್ಲಿ, ಆಮೇಲೆ 4, 8, 12ನೇ ವಾರದಲ್ಲಿ, ಮುಂದೆ ಮೂರು ತಿಂಗಳಿಗೊಮ್ಮೆ ನೋಡಬೇಕು. ಸಕ್ಕರೆ ಮತ್ತು ಕೊಬ್ಬಿನ ರಕ್ತ ಪರೀಕ್ಷೆ ಶುರುವಿನಲ್ಲಿ ಮತ್ತು 12ನೇ ವಾರದಲ್ಲಿ. ಶುರುವಿನ ತೂಕದ ಮೇಲೆ ಶೇ 5ರಷ್ಟು ಏರಿದರೆ ಮಾತ್ರೆ ಬದಲಿಸುವ ಬಗ್ಗೆ ಯೋಚಿಸಬೇಕು. 60 ಕೆಜಿ ಇದ್ದವರಿಗೆ ಅದು 3 ಕೆಜಿ. ಮನೆಯಲ್ಲಿ ತೂಕದ ಯಂತ್ರ ಇಲ್ಲದಿದ್ದರೆ ಕಾಫಿ ತೂಗುವ ತಕ್ಕಡಿ ಇದ್ದೇ ಇರುತ್ತದೆ ಅಲ್ವಾ? ಮೂಟೆ ಇಡುವ ಹಲಗೆಯ ಮೇಲೆ ನಿಲ್ಲಿಸಿ. ಪ್ರತಿ ಸಲವೂ ಅದೇ ತಕ್ಕಡಿ, ಚಪ್ಪಲಿ ಬಿಚ್ಚಿ, ಸ್ವೆಟರ್ ತೆಗೆದು.

ರಿಸ್ಪೆರಿಡೋನ್ ಪ್ರೊಲ್ಯಾಕ್ಟಿನ್ ಅನ್ನುವ ಹಾರ್ಮೋನನ್ನೂ ಏರಿಸುತ್ತದೆ. ಹುಡುಗಿಯರಿಗೆ ಮುಟ್ಟು ನಿಲ್ಲಬಹುದು, ಗಂಡುಮಕ್ಕಳಿಗೆ ಎದೆ ಊದಬಹುದು. ನಾಚಿಕೆಯಿಂದ ಮನೆಯವರು ಹೇಳುವುದಿಲ್ಲ. ದಯವಿಟ್ಟು ಹೇಳಿ. ಹ್ಯಾಲೊಪೆರಿಡಾಲ್‌ನಂಥ ಹಳೆಯ ಔಷಧಿಗಳಲ್ಲಿ ಮೊದಲ ಕೆಲವು ದಿನದಲ್ಲೇ ಕುತ್ತಿಗೆ ಒಂದು ಕಡೆ ತಿರುಚಿಕೊಳ್ಳುವುದು, ಕಣ್ಣು ಮೇಲೆ ಸಿಕ್ಕಿಕೊಳ್ಳುವುದು ಆಗಬಹುದು. ನೋಡಿದವರು ಫಿಟ್ಸ್ ಅಂದುಕೊಳ್ಳುತ್ತಾರೆ, ಇನ್ನು ಕೆಲವರು ಮೈಮೇಲೆ ಬಂತು ಅಂತ ಹೆದರುತ್ತಾರೆ. ಇದಕ್ಕೆ ತಕ್ಷಣ ಇಳಿಸುವ ಇಂಜೆಕ್ಷನ್ ಇದೆ. ನಡುಕ ಮತ್ತು ಬಿಗಿತ ತಡೆಯಲು ಕೊಡುವ ಟ್ರೈಹೆಕ್ಸಿಫೆನಿಡಿಲ್ ಮಾತ್ರೆಗೂ ತನ್ನದೇ ಕಾಟ ಇದೆ: ಬಾಯಿ ಒಣಗುವುದು, ಮಲಬದ್ಧತೆ, ಮೂತ್ರ ಕಟ್ಟುವುದು, ಮಂಕು.

ಮಲಬದ್ಧತೆ ಚಿಕ್ಕ ವಿಷಯ ಅಂದುಕೊಳ್ಳಬೇಡಿ. ಇಂಗ್ಲೆಂಡಿನಲ್ಲಿ ಬೌದ್ಧಿಕ ವಿಕಲತೆ ಇರುವವರ ಸಾವುಗಳನ್ನು ಒಂದೊಂದಾಗಿ ಪರಿಶೀಲಿಸುವಾಗ ಇದರಿಂದಲೇ ಪ್ರಾಣ ಹೋದದ್ದು ಮತ್ತೆ ಮತ್ತೆ ಕಂಡಿದೆ. ಹೊಟ್ಟೆ ಕಟ್ಟಿದವರು ಸಿಡುಕುತ್ತಾರೆ, ಹೊಡೆಯುತ್ತಾರೆ, ಊಟ ತಳ್ಳುತ್ತಾರೆ. ಸಿಡುಕಿಗೆ ಇನ್ನೊಂದು ಮಾತ್ರೆ ಬರುತ್ತದೆ, ಅದು ಹೊಟ್ಟೆಯನ್ನು ಇನ್ನಷ್ಟು ಕಟ್ಟುತ್ತದೆ. ಬ್ರಿಸ್ಟಲ್ ಚಾರ್ಟ್ ಅನ್ನುವ ಏಳು ಚಿತ್ರದ ಹಾಳೆ ಇದೆ. ಒಂದನೆಯದು ಆಡಿನ ಹಿಕ್ಕೆಯ ಹಾಗೆ, ಏಳನೆಯದು ಬರೀ ನೀರು, ಮೂರು ನಾಲ್ಕು ಸರಿಯಾದದ್ದು. ಟಾಯ್ಲೆಟ್ ಬಾಗಿಲ ಹಿಂದೆ ಅಂಟಿಸಿ, ಕ್ಯಾಲೆಂಡರಿನಲ್ಲಿ ನಂಬರ್ ಬರೆದರೆ ಸಾಕು.

ಫಿಟ್ಸ್ ಮಾತ್ರೆಗಳ ಕಥೆ ಬೇರೆ. ಲೆವೆಟಿರಾಸೆಟಮ್ ಒಳ್ಳೆಯ ಔಷಧಿ, ಆದರೆ ಕೆಲವರಲ್ಲಿ ಸಿಟ್ಟು ಕೆರಳಿಸುತ್ತದೆ. ಫಿನೊಬಾರ್ಬಿಟೋನ್ ಚಿಕ್ಕ ಮಕ್ಕಳನ್ನು ಮಂಕು ಮಾಡುವ ಬದಲು ಎಗರಾಡಿಸಬಹುದು. ಹೊಸದಾಗಿ ಸಿಟ್ಟು ಶುರುವಾಗಿದ್ದರೆ ಕಳೆದ ಎರಡು ತಿಂಗಳಲ್ಲಿ ಫಿಟ್ಸ್ ಮಾತ್ರೆ ಬದಲಾಗಿದೆಯಾ ಅಂತ ಮೊದಲು ನೋಡಿ. ವಾಲ್ಪ್ರೊಯೇಟ್‌ನಿಂದ ತೂಕ, ಕೈ ನಡುಕ, ಕೂದಲು ಉದುರುವುದು. ಕಾರ್ಬಮಜೆಪಿನ್‌ನಿಂದ ರಕ್ತದಲ್ಲಿ ಸೋಡಿಯಂ ಇಳಿದು ಮಂಕು ಬರಬಹುದು.

ಫೆನಿಟಾಯಿನ್ ಬಗ್ಗೆ ಸ್ವಲ್ಪ ಬಿಡಿಸಿ ಹೇಳಬೇಕು. ರಸ್ತೆ ಕೆಳಗಿನ ಮೋರಿ ನೆನಪು ಮಾಡಿಕೊಳ್ಳಿ. ಮೋರಿ ಎಳೆಯುವಷ್ಟು ನೀರು ಬರುವ ತನಕ ರಸ್ತೆ ಒಣಗಿಯೇ ಇರುತ್ತದೆ. ಅದಕ್ಕಿಂತ ಸ್ವಲ್ಪವೇ ಜಾಸ್ತಿ ಆದರೂ ನೀರು ರಸ್ತೆ ಮೇಲೆ ಉಕ್ಕುತ್ತದೆ. ಫೆನಿಟಾಯಿನ್ ಕರಗಿಸುವ ಲಿವರಿನ ಶಕ್ತಿಯೂ ಹಾಗೇ, ಅದಕ್ಕೊಂದು ಮಿತಿ ಇದೆ. ಆ ಮಿತಿಯ ಹತ್ತಿರ ಡೋಸು ಚೂರು ಏರಿಸಿದರೂ ರಕ್ತದಲ್ಲಿ ಮಟ್ಟ ದಿಢೀರ್ ಏರುತ್ತದೆ. ಸಾಮಾನ್ಯವಾಗಿ ಮಿಲಿಲೀಟರ್ ರಕ್ತದ್ರವದಲ್ಲಿ 10ರಿಂದ 20 ಮೈಕ್ರೊಗ್ರಾಂ ಇರಬೇಕು. ದಾಟಿದರೆ ಕುಡಿದವರ ಹಾಗೆ ಓಲಾಡುತ್ತಾರೆ, ಕಣ್ಣುಗುಡ್ಡೆ ತುಯ್ದಾಡುತ್ತದೆ. ವರ್ಷಗಟ್ಟಲೆ ತಿಂದರೆ ವಸಡು ಊದಿ ಹಲ್ಲಿನ ಮೇಲೆ ಬೆಳೆಯುತ್ತದೆ. ಅಗಿಯಲು ನೋವಾಗಿ ಊಟ ಬಿಡುವವರು ಇದ್ದಾರೆ. ಬ್ರಷ್ ಮಾಡಿಸುವಾಗ ತುಟಿ ಎತ್ತಿ ವಸಡು ನೋಡುವುದು ಕೂಡ ಒಂದು ಅಳತೆಯೇ.

ಲಾಭವನ್ನೂ ಅಳೆಯಬೇಕು

ಸೈಡ್ ಎಫೆಕ್ಟ್ ಒಂದನ್ನೇ ಬರೆದರೆ ಅರ್ಧ ಲೆಕ್ಕ. ಮಾತ್ರೆ ಯಾವುದಕ್ಕೆ ಕೊಟ್ಟರೋ ಅದು ಇಳಿಯಿತಾ? ನಡವಳಿಕೆ ಅಳೆಯಲು 1985ರ 58 ಅಂಶದ ಒಂದು ಪಟ್ಟಿ ಜಗತ್ತಿನಾದ್ಯಂತ ಬಳಕೆಯಲ್ಲಿದೆ. ಅಷ್ಟು ಬೇಡ ಅಂದರೆ ‘ಈ ವಾರ ಎಷ್ಟು ಸಲ ಹೊಡೆದ’ ಅಂತ ಗೀಟು ಹಾಕಿದರೂ ಆಯಿತು.

ಎರಡು ಅಧ್ಯಯನ ಹೇಳುತ್ತೇನೆ. 2002ರಲ್ಲಿ ಅಮೆರಿಕದಲ್ಲಿ 101 ಆಟಿಸಂ ಮಕ್ಕಳಿಗೆ ಎಂಟು ವಾರ ರಿಸ್ಪೆರಿಡೋನ್ ಅಥವಾ ಔಷಧಿ ಇಲ್ಲದ ಪ್ಲಾಸಿಬೊ ಮಾತ್ರೆ ಕೊಟ್ಟು ನೋಡಿದರು. ಔಷಧಿ ಪಡೆದವರಲ್ಲಿ ಶೇ 69 ಮಕ್ಕಳು ಸುಧಾರಿಸಿದರು, ಪ್ಲಾಸಿಬೊದಲ್ಲಿ ಶೇ 12. ತೂಕ ಸರಾಸರಿ 2.7 ಕೆಜಿ ಏರಿತು, ಪ್ಲಾಸಿಬೊದಲ್ಲಿ 0.8. ಲಾಭ ಇದೆ, ಬೆಲೆಯೂ ಇದೆ. ಇನ್ನೊಂದು 2008ರದು. ಬೌದ್ಧಿಕ ವಿಕಲತೆಯ ಜೊತೆ ಹೊಡೆಯುವ ಬಡಿಯುವ ಸ್ವಭಾವ ಇದ್ದ 86 ವಯಸ್ಕರಲ್ಲಿ ರಿಸ್ಪೆರಿಡೋನ್, ಹ್ಯಾಲೊಪೆರಿಡಾಲ್, ಪ್ಲಾಸಿಬೊ ಮೂರನ್ನೂ ಹೋಲಿಸಿದರು. ನಾಲ್ಕು ವಾರದಲ್ಲಿ ಮೂರು ಗುಂಪಿನಲ್ಲೂ ಸಿಟ್ಟು ಇಳಿಯಿತು. ಎಲ್ಲಕ್ಕಿಂತ ಜಾಸ್ತಿ ಇಳಿದದ್ದು ಪ್ಲಾಸಿಬೊ ಗುಂಪಿನಲ್ಲಿ, ಶೇ 79. ಅಂದರೆ ಯಾರೋ ಬಂದು ಗಮನ ಕೊಟ್ಟರು, ಕಾಲವೂ ಕಳೆಯಿತು, ಅಷ್ಟಕ್ಕೇ ಎಷ್ಟೋ ಮಂದಿ ತಣ್ಣಗಾದರು ಅಂತ ನನಗನಿಸುತ್ತದೆ.

ಬ್ರಿಟನ್ನಿನಲ್ಲಿ ಬೌದ್ಧಿಕ ವಿಕಲತೆ ಇರುವ 33,016 ವಯಸ್ಕರ ದಾಖಲೆ ನೋಡಿದ 2015ರ ಅಧ್ಯಯನ ನನ್ನನ್ನು ತುಂಬಾ ಕಾಡಿದೆ. ಆಂಟಿಸೈಕೋಟಿಕ್ ಪಡೆದವರಲ್ಲಿ ಶೇ 71 ಮಂದಿಗೆ ತೀವ್ರ ಮಾನಸಿಕ ಕಾಯಿಲೆಯ ದಾಖಲೆಯೇ ಇರಲಿಲ್ಲ. ಮರುವರ್ಷ ಅಲ್ಲಿನ ಸರ್ಕಾರಿ ಆರೋಗ್ಯ ವ್ಯವಸ್ಥೆ ಅತಿಯಾದ ಔಷಧಿ ಕಡಿಮೆ ಮಾಡಲು ಸ್ಟಾಂಪ್ ಅನ್ನುವ ಅಭಿಯಾನವನ್ನೇ ಶುರು ಮಾಡಿತು.

ಇದನ್ನು ಓದಿ ಯಾರೂ ಮನೆಯಲ್ಲೇ ಮಾತ್ರೆ ನಿಲ್ಲಿಸಬೇಡಿ. ಫಿಟ್ಸ್ ಮಾತ್ರೆ ದಿಢೀರ್ ನಿಲ್ಲಿಸಿದರೆ ನಿಲ್ಲದ ಫಿಟ್ಸ್ ಬಂದು ಪ್ರಾಣಕ್ಕೆ ಕುತ್ತು. ಆಂಟಿಸೈಕೋಟಿಕ್ ಕೂಡ ಮೆಲ್ಲಗೆ, ಡಾಕ್ಟರ ಲೆಕ್ಕದಲ್ಲೇ ಇಳಿಯಬೇಕು. ಇಳಿಸುವಾಗ ಅಡಗಿದ್ದ ಬಾಯಿ ಚಲನೆ ಹೊರಬರುವುದೂ ಉಂಟು, ಹಾಗಾಗಿ ಆಗಲೂ ಅಳೆಯುತ್ತಿರಬೇಕು.

ನಮ್ಮ ಊರಿನ ಲೆಕ್ಕಕ್ಕೆ ಬಂದರೆ

ಡೈರಿಯಲ್ಲಿ ಮಾತ್ರೆ ಬಿಟ್ಟು ಉಳಿದದ್ದನ್ನೂ ಬರೆಯಬೇಕು. ಕೊಡಗಿನಲ್ಲಿ ವರ್ಷದ ಲಯವೇ ಜನರನ್ನು ಬದಲಿಸುತ್ತದೆ. ಜೂನ್‌ನಿಂದ ಆಗಸ್ಟ್ ತನಕ ಮನೆಯೊಳಗೇ ಇದ್ದು ಚಡಪಡಿಸುವವರಿದ್ದಾರೆ. ಕೈಲ್‌ಪೊಳ್ದ್, ಪುತ್ತರಿ ಹಬ್ಬದ ಹೊತ್ತಿಗೆ ಕೋವಿ ಸದ್ದಿಗೆ ಬೆಚ್ಚಿ ಎರಡು ರಾತ್ರಿ ನಿದ್ದೆ ಬಿಡುತ್ತಾರೆ. ಕಾಫಿ ಕೊಯ್ಲಿನ ತಿಂಗಳುಗಳಲ್ಲಿ ಮನೆ ಖಾಲಿ, ಅವ್ವ ತೋಟದಲ್ಲಿ, ಊಟದ ಹೊತ್ತು ತಪ್ಪುತ್ತದೆ. ಅದೇ ವಾರ ಡೋಸೂ ಬದಲಾಗಿದ್ದರೆ ಯಾವುದರಿಂದ ಏನಾಯಿತು ಅಂತ ಹೇಳಲಾಗದು. ಸಾಧ್ಯವಿದ್ದರೆ ಹಬ್ಬ, ಕೊಯ್ಲು ಕಳೆದ ಮೇಲೆ ಬದಲಿಸೋಣ ಅಂತ ಡಾಕ್ಟರನ್ನು ಕೇಳಬಹುದು. ಒಂದು ಸಲಕ್ಕೆ ಒಂದೇ ಮಾತ್ರೆ ಬದಲಿಸಿ ಅಂತಲೂ ಕೇಳಬಹುದು. ಹೀಗೆ ಕೇಳಿದರೆ ತಪ್ಪು ತಿಳಿಯುತ್ತಾರೇನೋ ಅಂತ ನಾನು ಹೆದರುತ್ತಿದ್ದೆ. ಯಾರೂ ತಪ್ಪು ತಿಳಿಯಲಿಲ್ಲ.

ತೋಟದ ಕಾರ್ಮಿಕರು ಇರುವ ಲೈನ್ ಮನೆಗಳ ಕಷ್ಟ ಇನ್ನೂ ದೊಡ್ಡದು. ಅಪ್ಪ ಅವ್ವ ಇಬ್ಬರೂ ಬೆಳಿಗ್ಗೆ ಕೆಲಸಕ್ಕೆ ಹೋದರೆ ಮಗುವನ್ನು ನೋಡುವುದು ಅಜ್ಜಿ, ಇಲ್ಲವೇ ಪಕ್ಕದ ಮನೆಯವರು. ಆಸ್ಪತ್ರೆಗೆ ಬರುವವರು ಅಪ್ಪ. ದಿನವಿಡೀ ನೋಡಿದವರು ಒಬ್ಬರು, ಉತ್ತರ ಹೇಳುವವರು ಇನ್ನೊಬ್ಬರು. ಅಳತೆ ಕೆಡುವುದು ಇಲ್ಲೇ. ಓದು ಬರಹ ಬಾರದ ಅಜ್ಜಿಯೂ ಕ್ಯಾಲೆಂಡರಿನಲ್ಲಿ ಗೀಟು ಹಾಕಬಹುದು: ಎಸೆದರೆ ಒಂದು ಗೀಟು, ಟಾಯ್ಲೆಟ್ ಆದರೆ ಒಂದು ಸೊನ್ನೆ. ಪಂಚಾಯಿತಿಯ ವಿಆರ್‌ಡಬ್ಲ್ಯೂ (ಗ್ರಾಮೀಣ ಪುನರ್ವಸತಿ ಕಾರ್ಯಕರ್ತರು) ಅಥವಾ ಆಶಾ ಕಾರ್ಯಕರ್ತೆಯನ್ನು ತಿಂಗಳಿಗೊಮ್ಮೆ ತೂಕ ನೋಡಲು ಕೇಳಿಕೊಳ್ಳಿ. ಸ್ಪೆಷಲ್ ಸ್ಕೂಲಿಗೆ ಹೋಗುತ್ತಿದ್ದರೆ ಟೀಚರ್ ಬೇರೆಯಾಗಿ, ಮನೆಯವರು ಬೇರೆಯಾಗಿ ಬರೆಯಲಿ. ಇಬ್ಬರೂ ಒಬ್ಬರದೊಬ್ಬರು ನೋಡದೆ ಬರೆದು ಎರಡೂ ಹೊಂದಿದರೆ ಆ ಅಳತೆಗೆ ಬಲ ಬರುತ್ತದೆ.

ಭಾಷೆಯೂ ಒಂದು ವಿಷಯ. ಮನೆಯಲ್ಲಿ ಕೊಡವ ತಕ್ಕ್, ಅರೆಭಾಷೆ, ಯರವ, ಮಲಯಾಳಂ. ಆಸ್ಪತ್ರೆಯಲ್ಲಿ ಕನ್ನಡ, ಪಟ್ಟಿ ಇಂಗ್ಲಿಷಿನಲ್ಲಿ. ಮನೆ ಮಾತಿನಲ್ಲಿ ಆ ಸಂಕಟಕ್ಕೆ ಏನು ಪದ ಇದೆಯೋ ಅದನ್ನೇ ಡೈರಿಯಲ್ಲಿ ಬರೆಯಿರಿ. ಕೇಳುವಾಗ ‘ಹೂಂ’ ಬರುವ ಪ್ರಶ್ನೆ ಬೇಡ. ‘ನೋವು ಇಲ್ಲಿಯಾ, ಇಲ್ಲಿಯಾ?’ ಅಂತ ಅವರ ಮೈ ಮುಟ್ಟಿ ಕೇಳಿ. ಆಮೇಲೆ ಅದನ್ನೇ ತಿರುಗಿಸಿ ಕೇಳಿ. ಎರಡು ಸಲವೂ ಒಂದೇ ಜಾಗ ತೋರಿಸಿದರೆ ನಂಬಿ.

ಡಾಕ್ಟರ ಹತ್ತಿರ ಹೋಗಲು ಪ್ರತಿ ಸಲವೂ 120 ಕಿಲೋಮೀಟರ್ ದೂರದ ಮೈಸೂರೇ ಬೇಕಿಲ್ಲ. ಕರ್ನಾಟಕದಲ್ಲಿ 2014ರಲ್ಲಿ ಶುರುವಾದ ಮನೋಚೈತನ್ಯ ಕಾರ್ಯಕ್ರಮದಲ್ಲಿ ಮಂಗಳವಾರ ತಾಲೂಕು ಆಸ್ಪತ್ರೆಗೆ ಮನೋವೈದ್ಯರು ಬರುವ ಏರ್ಪಾಡಿದೆ. ನಿಮ್ಮ ತಾಲೂಕಿಗೆ ಯಾವ ಮಂಗಳವಾರ ಅಂತ ಮೊದಲೇ ಕೇಳಿಕೊಳ್ಳಿ. ಅಲ್ಲಿ ಸಿಗುವ ಹೊತ್ತು ಕಡಿಮೆ. ಅದಕ್ಕೇ ಡೈರಿಯ ಒಂದು ಪುಟ, ಮೂರು ನಿಮಿಷದ ವಿಡಿಯೋ, ಈಗ ತಿನ್ನುತ್ತಿರುವ ಎಲ್ಲ ಮಾತ್ರೆಯ ಖಾಲಿ ಸ್ಟ್ರಿಪ್‌ಗಳು ಕೈಯಲ್ಲಿರಲಿ. ಮೆಡಿಕಲ್‌ನಲ್ಲಿ ಬ್ರಾಂಡ್ ಬದಲಿಸಿ ಕೊಟ್ಟಿದ್ದರೆ ಅದೂ ಗೊತ್ತಾಗುತ್ತದೆ.

ಮಂಗಳವಾರದ ತನಕ ಕಾಯಬಾರದ ಸಂಗತಿಗಳೂ ಇವೆ. ಜೋರು ಜ್ವರದ ಜೊತೆ ಮೈ ಹಲಗೆಯ ಹಾಗೆ ಬಿಗಿಯುವುದು ಮತ್ತು ಮಂಪರು. ಮೈಮೇಲೆ ದದ್ದು, ಜೊತೆಗೆ ಬಾಯಲ್ಲಿ ಅಥವಾ ಕಣ್ಣಲ್ಲಿ ಹುಣ್ಣು. ವಾಲ್ಪ್ರೊಯೇಟ್ ತಿನ್ನುವವರಲ್ಲಿ ನಿಲ್ಲದ ವಾಂತಿ, ಕಣ್ಣು ಹಳದಿ, ಎಬ್ಬಿಸಲಾಗದ ನಿದ್ದೆ. ಹೊಟ್ಟೆ ಊದಿ ದಿನಗಟ್ಟಲೆ ಮಲ ಹೋಗದಿರುವುದು. ಇಂಥದ್ದಕ್ಕೆ ರಾತ್ರಿಯಾದರೂ 108 ಕರೆಯಿರಿ. ಮಳೆಗಾಲದಲ್ಲಿ ಸಿಗ್ನಲ್ ಸಿಗುವ ಜಾಗ ಯಾವುದು ಅಂತ ಮನೆಯವರಿಗೆಲ್ಲ ಗೊತ್ತಿರಲಿ.

ಮತ್ತೊಂದು ಕೆಲಸ ಯಾರೂ ಮಾಡುವುದಿಲ್ಲ, ಮಾಡಬೇಕು. ದೇಶದಲ್ಲಿ 2010ರಿಂದ ಔಷಧಿಗಳ ಸೈಡ್ ಎಫೆಕ್ಟ್ ದಾಖಲಿಸುವ ಸರ್ಕಾರಿ ಕಾರ್ಯಕ್ರಮ ಇದೆ, ಅದರ ಕಚೇರಿ ಗಾಜಿಯಾಬಾದಿನಲ್ಲಿ. ಡಾಕ್ಟರೇ ವರದಿ ಮಾಡಬೇಕು ಅಂತಿಲ್ಲ. ಮನೆಯವರು ತುಂಬುವ ಫಾರಂ ಕನ್ನಡದಲ್ಲೂ ಇದೆ. 1800 180 3024ಕ್ಕೆ ಕೆಲಸದ ದಿನ ಉಚಿತವಾಗಿ ಫೋನ್ ಮಾಡಬಹುದು. ಮಾತ್ರೆಯ ಹೆಸರು, ಶುರುವಾದ ತಾರೀಖು, ತೊಂದರೆ ಕಂಡ ತಾರೀಖು, ನಿಲ್ಲಿಸಿದ ಮೇಲೆ ಏನಾಯಿತು ಅಂತ ಕೇಳುತ್ತಾರೆ. ತಮ್ಮನ ಆ ಐದು ವಾರದ ಬಗ್ಗೆ ಕೇಳಿದರೆ ನನ್ನ ಹತ್ತಿರ ಒಂದು ತಾರೀಖೂ ಇಲ್ಲ. ಅಪ್ಪನ ಡೈರಿ ತೆಗೆದರೆ ಆ ಜೂನಿನ ಮೂವತ್ತು ದಿನದ ಮಳೆಯೂ ಸೆಂಟು ಬಿಡದ ಹಾಗೆ ಸಿಗುತ್ತದೆ. ಈಗ ಅದೇ ಡೈರಿಯ ಬಲಬದಿಯ ಪುಟದಲ್ಲಿ ತಮ್ಮನದನ್ನು ಬರೆಯುತ್ತೇನೆ. ನಿನ್ನೆಯದು: ತೂಕ 64, ನಿದ್ದೆ ಏಳು ಗಂಟೆ, ಬ್ರಿಸ್ಟಲ್ 4, ಫಿಟ್ಸ್ 0, ಊಟಕ್ಕೆ ಕೂತು ಪೂರ್ತಿ ಉಂಡ.